ಪರದೆ ಮೇಲೆ ಕಾಣೋ ಹಳೇ ಬ್ರಿಟಿಷ್ ಕಾರು ಯಾವುದು ಅಂತ ಪತ್ತೆ ಹಚ್ಚೋದು ಹೇಗೆ

ಹಳೇ ಬ್ರಿಟಿಷ್ ಪತ್ತೇದಾರಿ ಸೀರಿಯಲ್ಲೋ, ಅರವತ್ತರ ದಶಕದ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾನೋ ನೋಡ್ತಾ ಇರ್ತೀರಿ, ಪೊಲೀಸ್ ಕಾರು ಬಂದು ಬ್ರೇಕ್ ಹಾಕತ್ತೆ, ಕಥೆ ಎಲ್ಲೋ ಹೋಗ್ತಿರತ್ತೆ ಆದ್ರೆ ನಿಮ್ಮ ಕಣ್ಣು ಮಾತ್ರ ಆ ಗಾಡಿ ಮೇಲೇ ಇರತ್ತೆ, ಇದು ಯಾವ ಕಂಪನಿದು, ನಮ್ಮ ಅಂಬಾಸಿಡರ್ ಥರ ಇದ್ಯಲ್ಲ, ಅಂತ. ಈ ಪ್ರಶ್ನೆಗೆ ಉತ್ತರ ಹುಡುಕೋದಕ್ಕೆ ಒಂದು ಕ್ರಮ ಇದೆ, ಅದನ್ನ ಹಿಡಿದ್ರೆ ಹತ್ತರಲ್ಲಿ ಏಳೆಂಟು ಕಾರು ಯಾರನ್ನೂ ಕೇಳದೇ ನೀವೇ ಹೇಳ್ಬಹುದು. ನಾನಿಲ್ಲಿ ಹೇಳ್ತಿರೋದು ಸಲೂನ್ ಕಾರುಗಳ ಬಗ್ಗೆ ಮಾತ್ರ, ಅಂದ್ರೆ ನಾವು ಸೆಡಾನ್ ಅಂತೀವಲ್ಲ ಅವು, ಸುಮಾರು 1950ರಿಂದ 1980ರವರೆಗಿನವು. ಸ್ಪೋರ್ಟ್ಸ್ ಕಾರುಗಳನ್ನ ಬಿಟ್ಟಿದೀನಿ, ಅವನ್ನ ಎಲ್ಲರೂ ಗುರುತು ಹಿಡೀತಾರೆ, ಕಷ್ಟ ಇರೋದು ಈ ಸಾಮಾನ್ಯ ಮನೆಮಂದಿ ಕಾರುಗಳಲ್ಲೇ.

ಮುಖ್ಯವಾದ ಮಾತು ಮೊದಲೇ ಹೇಳ್ಬಿಡ್ತೀನಿ. ಎಲ್ಲರೂ ಮೊದಲು ಕಾರಿನ ಮೂತಿ ನೋಡ್ತಾರೆ, ಗ್ರಿಲ್ ಅಂದ್ರೆ ಮುಂದಿನ ಜಾಲರಿ ನೋಡ್ತಾರೆ. ಬ್ರಿಟಿಷ್ ಕಾರುಗಳಲ್ಲಿ ಅದನ್ನ ಮೊದಲು ನೋಡ್ಬಾರ್ದು. ಯಾಕಂದ್ರೆ 1952ರಲ್ಲಿ ಆಸ್ಟಿನ್ ಮತ್ತೆ ಮಾರಿಸ್ ಕಡೆಯವರು ಸೇರ್ಕೊಂಡು ಬಿಎಂಸಿ ಅಂತ ಆದ್ಮೇಲೆ ಅವರ ಕೈಯಲ್ಲಿ ಆಸ್ಟಿನ್, ಮಾರಿಸ್, ಎಂಜಿ, ರೈಲಿ, ವೂಲ್ಸ್‌ಲಿ ಅಂತ ಐದು ಮುಖ್ಯ ಹೆಸರು ಉಳ್ಕೊಂಡ್ವು, ಒಂದೊಂದು ಹೆಸರಿಗೂ ಅದರದೇ ಡೀಲರ್‌ಗಳು, ಅದರದೇ ನಿಷ್ಠಾವಂತ ಗಿರಾಕಿಗಳು, ಹಾಗಾಗಿ ಒಂದೇ ಬಾಡಿ ಮಾಡಿ ಅದಕ್ಕೆ ಐದು ಥರದ ಗ್ರಿಲ್ ಹಾಕಿ ಐದು ಹೆಸರಲ್ಲಿ ಮಾರಿದ್ರು. ಬಯಲಾಟದಲ್ಲಿ ಒಬ್ಬನೇ ಪಾತ್ರಧಾರಿ ಕಿರೀಟ ಬದಲಾಯಿಸ್ಕೊಂಡು ಬೇರೆ ಬೇರೆ ರಾಜ ಆಗಿ ಬರೋ ಹಾಗೆ. ಆದ್ರಿಂದ ನೋಡ್ಬೇಕಾದ ಕ್ರಮ ಇದು: ಮೊದಲು ಬದಿಯಿಂದ ಗ್ಲಾಸು ಮತ್ತೆ ಪಿಲ್ಲರ್, ಅಂದ್ರೆ ಕಿಟಕಿಗಳ ನಡುವೆ ಟಾಪನ್ನ ಹೊತ್ತಿರೋ ಕಂಬ, ಅದರಿಂದ ಬಾಡಿ ಯಾವುದು ಗೊತ್ತಾಗತ್ತೆ. ಆಮೇಲೆ ಗ್ರಿಲ್, ಅದರಿಂದ ಹೆಸರು. ಕೊನೇಲಿ ಲೈಟು, ಬಂಪರ್, ನಂಬರ್ ಪ್ಲೇಟ್, ಅದರಿಂದ ವರ್ಷ.

ನಮಗೆ ಇರೋ ಅನುಕೂಲ

ಇದನ್ನ ಕಲಿಯೋಕೆ ಭಾರತದಲ್ಲಿ ಬೆಳೆದವರಿಗೆ ಒಂದು ದೊಡ್ಡ ಅನುಕೂಲ ಇದೆ, ನಮ್ಮ ರಸ್ತೆಗಳಲ್ಲೇ ಈ ಕಾರುಗಳು ಓಡಾಡಿವೆ. ಅಂಬಾಸಿಡರ್ ಅಂದ್ರೆ 1956ರಿಂದ 59ರವರೆಗೆ ಇಂಗ್ಲೆಂಡಲ್ಲಿ ಮಾರಾಟ ಆದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅಲ್ಲಿ ಮೂರು ವರ್ಷಕ್ಕೆ ಮುಗಿದ ಬಾಡಿ ಇಲ್ಲಿ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯ್ತು. ಅದಕ್ಕಿಂತ ಮುಂಚಿನ ಲ್ಯಾಂಡ್‌ಮಾಸ್ಟರ್, ಆಕ್ಸ್‌ಫರ್ಡ್ ಸೀರೀಸ್ 2. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಮಾಡ್ತಿದ್ದ ಹೆರಾಲ್ಡ್, ಅಲ್ಲಿನ ಟ್ರಯಂಫ್ ಹೆರಾಲ್ಡ್. ಇನ್ನು ಎಂಬತ್ತರ ದಶಕದಲ್ಲಿ ದೊಡ್ಡವರ ಕಾರು ಅನ್ನಿಸ್ಕೊಂಡಿದ್ದ ಕಾಂಟೆಸ್ಸಾ, ಎಪ್ಪತ್ತರ ದಶಕದ ವಾಕ್ಸ್‌ಹಾಲ್ ವಿಕ್ಟರ್‌ನ ಬಾಡಿ. ಹಾಗಾಗಿ ಒಂದು ಬ್ರಿಟಿಷ್ ಸೀನಲ್ಲಿ ಪಾರ್ಕ್ ಆಗಿರೋ ಕಾರು ನೋಡಿ ಇದು ಕಾಂಟೆಸ್ಸಾ ಅಂತ ಅನ್ನಿಸಿದ್ರೆ ನೀವು ಆಗಲೇ ಮುಕ್ಕಾಲು ಉತ್ತರ ಹೇಳಿದ ಹಾಗೇ, 1972ರಿಂದ 78ರೊಳಗಿನ ವಾಕ್ಸ್‌ಹಾಲ್ ಅಂತ ಬರ್ಕೊಳ್ಳಿ. ಪ್ರೀಮಿಯರ್ ಪದ್ಮಿನಿಯನ್ನ ಮಾತ್ರ ಈ ಲೆಕ್ಕಕ್ಕೆ ಸೇರಿಸ್ಬೇಡಿ, ಅದು ಇಟಲಿಯ ಫಿಯಟ್.

ಒಂದು ಎಚ್ಚರಿಕೆ: ಮಾರಿಸ್ ಆಕ್ಸ್‌ಫರ್ಡ್ ಅನ್ನೋ ಹೆಸರು ಹಲವು ಬಾಡಿಗಳಿಗೆ ಇತ್ತು. 1959ರಲ್ಲಿ ಬಂದ ಸೀರೀಸ್ 5 ಚೂಪು ಬಾಲದ ಬೇರೆ ಕಾರೇ, ಅಂಬಾಸಿಡರ್‌ಗೂ ಅದಕ್ಕೂ ನೋಡೋಕೆ ಸಂಬಂಧ ಇಲ್ಲ. ಇನ್ನೊಂದು ಸ್ವಾರಸ್ಯ ಏನಂದ್ರೆ ಹೆರಾಲ್ಡ್‌ಗೆ ನಾಲ್ಕು ಬಾಗಿಲು ಇದ್ದದ್ದು ಇಲ್ಲಿ ಮಾತ್ರ, ಇಂಗ್ಲೆಂಡಿನ ಹೆರಾಲ್ಡ್ ಸಲೂನ್ ಎರಡೇ ಬಾಗಿಲಿಂದು. ನಾಲ್ಕು ಬಾಗಿಲಿನ ಹೆರಾಲ್ಡ್ ಪರದೆ ಮೇಲೆ ಕಂಡ್ರೆ ಶೂಟಿಂಗ್ ಆಗಿದ್ದು ಭಾರತದಲ್ಲಿ ಅಂತ ಧೈರ್ಯವಾಗಿ ಹೇಳಿ.

ಮೊದಲ ಕೆಲಸ, ಒಳ್ಳೇ ಫ್ರೇಮ್ ಹಿಡಿಯೋದು

ಓಡ್ತಿರೋ ಕಾರನ್ನ ಓಡ್ತಿರೋ ಹಾಗೇ ಗುರುತು ಹಿಡಿಯೋಕೆ ಹೋಗ್ಬೇಡಿ. ಯೂಟ್ಯೂಬಲ್ಲಿ ಪಾಸ್ ಮಾಡಿ ಕೀಬೋರ್ಡಿನ ಕಾಮಾ ಮತ್ತೆ ಫುಲ್‌ಸ್ಟಾಪ್ ಕೀ ಒತ್ತಿದ್ರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗತ್ತೆ, ವಿಎಲ್‌ಸಿಯಲ್ಲಿ ಇ ಕೀ ಒತ್ತಿದ್ರೆ ಒಂದೊಂದೇ ಫ್ರೇಮ್ ಮುಂದಕ್ಕೆ. ಮೂರು ಸ್ಕ್ರೀನ್‌ಶಾಟ್ ಬೇಕು, ಪೂರ್ತಿ ಬದಿ ಕಾಣೋದು ಒಂದು, ಮುಂದಿಂದು ಒಂದು, ಹಿಂದಿಂದು ಒಂದು. ಮೂರರಲ್ಲಿ ಒಂದೇ ಸಿಗೋದಾದ್ರೆ ಬದಿಯದೇ ಸಿಗಲಿ ಅಂತ ಆಸೆ ಪಡಿ.

ಸ್ಕ್ರೀನ್‌ಶಾಟ್ ಆದ್ಮೇಲೆ ಚಕ್ರ ನೋಡಿ. ಗುಂಡಗಿದ್ಯಾ, ಇಲ್ಲ ಮೊಟ್ಟೆ ಥರ ಅಗಲಕ್ಕೆ ಎಳೆದ ಹಾಗಿದ್ಯಾ? ಹಳೇ ಟಿವಿ ಸೀರಿಯಲ್ಲುಗಳು ಚೌಕಾಕಾರದ ಪರದೆಗೆ ತೆಗೆದಿದ್ದು, ಅದನ್ನ ಈಗ ಅಪ್ಲೋಡ್ ಮಾಡೋರು ಅಗಲ ಪರದೆಗೆ ಹಿಗ್ಗಿಸಿಬಿಟ್ಟಿರ್ತಾರೆ, ಆಗ ಪುಟ್ಟ ಮಾರಿಸ್ ಮೈನರ್ ಕೂಡ ದೊಡ್ಡ ಅಮೆರಿಕನ್ ಕಾರಿನ ಹಾಗೆ ಉದ್ದಕ್ಕೆ ಕಾಣತ್ತೆ. ಚಕ್ರ ಗುಂಡಗಾಗೋವರೆಗೂ ಅಗಲ ಕಮ್ಮಿ ಮಾಡಿ, ಆಮೇಲೆ ಮುಂದಿನ ಮಾತು. ಹಾಗೇನೇ ಸ್ಟೇರಿಂಗ್ ಎಡಗಡೆ ಕಾಣ್ತಿದ್ದು ನಂಬರ್ ಪ್ಲೇಟಿನ ಅಕ್ಷರಗಳೂ ಉಲ್ಟಾ ಇದ್ರೆ ಆ ಶಾಟನ್ನೇ ತಿರುಗಿಸಿ ಹಾಕಿದಾರೆ ಅಂತ ಅರ್ಥ.

ಕಾರಿನ ಒಳಗೆ ಕೂತು ಮಾತಾಡೋ ಸೀನ್‌ಗಳನ್ನ ಅಷ್ಟಾಗಿ ನಂಬ್ಬೇಡಿ. ಆಗೆಲ್ಲ ಸ್ಟುಡಿಯೋದಲ್ಲಿ ಅರ್ಧ ಕಾರು ಇಟ್ಟು ಹಿಂದೆ ರಸ್ತೆ ಓಡೋ ಫಿಲ್ಮ್ ಹಾಕಿ ತೆಗೀತಿದ್ರು, ಹೊರಗಿನ ಕಾರು ಬೇರೆ ಒಳಗಿನದು ಬೇರೆ ಇರ್ಬಹುದು. ಕಾರು ಪ್ರಪಾತಕ್ಕೆ ಬೀಳೋ ಸೀನ್ ಬಂದ್ರೂ ಅಷ್ಟೇ. ಅರವತ್ತರ ದಶಕದಲ್ಲಿ ಐಟಿಸಿ ಅನ್ನೋ ಕಂಪನಿ ಮಾಡಿದ ಸೀರಿಯಲ್ಲುಗಳಲ್ಲಿ ಒಂದು ಬಿಳೀ ಜಾಗ್ವಾರ್ ಬಂಡೆ ಅಂಚಿನಿಂದ ಕೆಳಗೆ ಬೀಳೋ ಒಂದೇ ತುಣುಕನ್ನ ಬೇರೆ ಬೇರೆ ಸೀರಿಯಲ್‌ಗೆ ಮತ್ತೆ ಮತ್ತೆ ಬಳಸಿದಾರೆ, ಬೀಳೋ ಮುಂಚೆ ಓಡ್ತಿದ್ದ ಕಾರು ಇನ್ನೇನೋ ಆಗಿರತ್ತೆ. ಶಬ್ದವನ್ನಂತೂ ಲೆಕ್ಕಕ್ಕೇ ತಗೋಬೇಡಿ, ಇಂಜಿನ್ ಸದ್ದು ಎಷ್ಟೋ ಸಲ ಆಮೇಲೆ ಸೇರಿಸಿದ್ದು.

ಗ್ಲಾಸು, ಪಿಲ್ಲರ್, ಬಾಗಿಲು

ಈಗ ಬದಿಯ ಫೋಟೋ ಇಟ್ಕೊಂಡು ಕೂತ್ಕೊಳ್ಳಿ. ಮಡ್‌ಗಾರ್ಡು ಬಾಡಿಯಿಂದ ಬೇರೆಯಾಗಿ ಉಬ್ಬಿದ್ದು ಕೆಳಗೆ ಕಾಲಿಡೋ ಪಟ್ಟಿ ಇದ್ರೆ ಅದರ ಡಿಸೈನ್ ಹೆಚ್ಚುಕಮ್ಮಿ ಎರಡನೇ ಮಹಾಯುದ್ಧಕ್ಕಿಂತ ಮುಂಚಿಂದು. ಎಲ್ಲ ದುಂಡಗೆ ಒಟ್ಟಿಗೆ ಸೇರ್ಕೊಂಡಿದ್ರೆ ಐವತ್ತರ ದಶಕ. ಹಿಂದೆ ಚೂಪು ಬಾಲ ಬಂತು ಅಂದ್ರೆ ಐವತ್ತರ ಕೊನೆ, ಅರವತ್ತರ ಶುರು. ಹಿಂದಿನ ಚಕ್ರದ ಮೇಲೆ ಸೊಂಟದ ಹಾಗೆ ಬಳುಕಿದ ಗೆರೆ ಇದ್ರೆ ಎಪ್ಪತ್ತರ ಆಸುಪಾಸು, ಫೋರ್ಡ್ ಕಾರ್ಟಿನಾ ಮಾರ್ಕ್ 3, ಅಂದ್ರೆ ಆ ಹೆಸರಿನ ಮೂರನೇ ರೂಪ, ಅದಕ್ಕೆ ಒಳ್ಳೇ ಉದಾಹರಣೆ.

ಆಮೇಲೆ ಹಿಂದಿನ ಗ್ಲಾಸು. ಇದೊಂದರಿಂದಲೇ ಕೆಲವು ಕಾರು ಸಿಕ್ಕಿಬೀಳತ್ತೆ. ಹಿಂದಿನ ಗ್ಲಾಸು ಮೇಲಿಂದ ಕೆಳಗೆ ಒಳಮುಖವಾಗಿ, ಅಂದ್ರೆ ಉಲ್ಟಾ ಇಳಿಜಾರಾಗಿದ್ರೆ ಬಹುತೇಕ ಅದು ಫೋರ್ಡ್ ಆಂಗ್ಲಿಯಾ 105ಇ, 1959ರಲ್ಲಿ ಬಂದಿದ್ದು. ಹ್ಯಾರಿ ಪಾಟರ್‌ನ ಎರಡನೇ ಸಿನಿಮಾದಲ್ಲಿ ಆಕಾಶದಲ್ಲಿ ಹಾರತ್ತಲ್ಲ ಆ ತಿಳಿನೀಲಿ ಕಾರು ಇದೇ. ಅದೇ ಥರ ಉಲ್ಟಾ ಗ್ಲಾಸು ಇದ್ದು ಕಾರು ದೊಡ್ಡದು, ಮುಂದೆ ನಾಲ್ಕು ಹೆಡ್‌ಲೈಟು ಅಂದ್ರೆ ಫೋರ್ಡ್ ಕಾನ್ಸಲ್ ಕ್ಲಾಸಿಕ್. ಮುಂದಿನ ಗ್ಲಾಸಿನ ಮಧ್ಯ ಒಂದು ಪಟ್ಟಿ ಬಂದು ಎರಡು ಭಾಗ ಆಗಿರೋ ಮಾರಿಸ್ ಮೈನರ್ ಕಂಡ್ರೆ 1956ಕ್ಕಿಂತ ಮುಂಚಿಂದು, ಆ ವರ್ಷ ಮೈನರ್ 1000 ಬಂದಾಗ ಒಂದೇ ಗ್ಲಾಸು ಆಯ್ತು. ಹೆಡ್‌ಲೈಟು ಮಡ್‌ಗಾರ್ಡ್ ಮೇಲಿರದೇ ಕೆಳಗೆ ಗ್ರಿಲ್ ಪಕ್ಕದಲ್ಲೇ ಇದ್ರೆ ಇನ್ನೂ ಹಳೇ ಮೈನರ್.

ಬಾಗಿಲು ಯಾವ ಕಡೆಗೆ ತೆಗೆಯತ್ತೆ ಅಂತಾನೂ ನೋಡಿ, ನಟರು ಇಳಿಯೋ ಸೀನಲ್ಲಿ ಇದು ಚೆನ್ನಾಗಿ ಗೊತ್ತಾಗತ್ತೆ. ಹಿಂದಿನ ಬಾಗಿಲಿನ ಕೀಲು ಹಿಂದುಗಡೆ ಇದ್ದು, ಕಾರು ಗಂಭೀರವಾಗಿ ಎತ್ತರವಾಗಿ ಡಾಕ್ಟ್ರು ಲಾಯರ್ ಓಡಿಸೋ ಗಾಡಿ ಥರ ಇದ್ರೆ ರೋವರ್ ಪಿ4 ಇರ್ಬಹುದು, 1949ರಿಂದ 64ರವರೆಗೆ ಬಂದ ಕಾರು. ಅದರ ಶುರುವಿನ ಮಾಡೆಲ್‌ಗಳಲ್ಲಿ ಗ್ರಿಲ್ ಮಧ್ಯದಲ್ಲಿ ಒಂಟಿ ಲೈಟು ಇತ್ತು, ಅದಕ್ಕೇ ಅಲ್ಲಿನವರು ಸೈಕ್ಲಾಪ್ಸ್, ಅಂದ್ರೆ ಗ್ರೀಕ್ ಪುರಾಣದ ಒಕ್ಕಣ್ಣಿನ ರಾಕ್ಷಸ, ಅಂತ ಕರೀತಾರೆ. ಅದಾದ್ಮೇಲೆ ಬಂದ ರೋವರ್ ಪಿ5 ಇನ್ನೂ ಭಾರಿ ಆಳು, ಮಂತ್ರಿಗಳ ಕಾರು, 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿ ಡೌನಿಂಗ್ ಸ್ಟ್ರೀಟಿಗೆ ಬಂದಿಳಿದಿದ್ದು ಇದರ ವಿ8 ಇಂಜಿನ್ ಮಾಡೆಲ್ಲಲ್ಲಿ. ರಾಜಕೀಯದ ಕಥೆ ಇರೋ ಸಿನಿಮಾದಲ್ಲಿ ಕಪ್ಪು ದೊಡ್ಡ ಕಾರು ಬಂದ್ರೆ ಮೊದಲು ಇದನ್ನ ನೆನೆಸ್ಕೊಳ್ಳಿ.

ಗ್ರಿಲ್ ನೋಡೋ ಹೊತ್ತು ಈಗ

ಬಾಡಿ ಯಾವುದು ಅಂತ ಅಂದಾಜಾದ್ಮೇಲೆ ಮುಂದಿನ ಫೋಟೋ ತೆಗೀರಿ. 1958ರ ಕೊನೇಲಿ ವೂಲ್ಸ್‌ಲಿ 15/60 ಬಂತು, ಫರೀನಾ ಅನ್ನೋ ಇಟಲಿಯ ಡಿಸೈನ್ ಕಂಪನಿ ರೂಪಿಸಿದ್ದು, ಚೌಕ ಚೌಕ ಬಾಡಿ, ಹಿಂದೆ ಬಾಲ. ಮುಂದಿನ ವರ್ಷ ಅದೇ ಬಾಡಿ ಆಸ್ಟಿನ್ ಕೇಂಬ್ರಿಜ್, ಮಾರಿಸ್ ಆಕ್ಸ್‌ಫರ್ಡ್, ಎಂಜಿ ಮ್ಯಾಗ್ನೆಟ್, ರೈಲಿ 4/68 ಅಂತ ಹೆಸರು ಇಟ್ಕೊಂಡು ಬಂತು. ಆಸ್ಟಿನ್ ಮಾರಿಸ್‌ಗೆ ಅಡ್ಡಗಲದ ಗ್ರಿಲ್, ಉಳಿದ ಮೂರಕ್ಕೆ ಮಧ್ಯದಲ್ಲಿ ನಿಂತ ಗ್ರಿಲ್. ಆ ಮೂರರಲ್ಲಿ ಎಂಟು ಮೂಲೆ ಬ್ಯಾಡ್ಜ್ ಇದ್ರೆ ಎಂಜಿ, ನೀಲಿ ವಜ್ರದ ಆಕಾರ ಇದ್ರೆ ರೈಲಿ, ಮತ್ತೆ ವೂಲ್ಸ್‌ಲಿಯ ಬ್ಯಾಡ್ಜ್ ರಾತ್ರಿ ಹೊತ್ತು ಲೈಟ್ ಹಾಕಿದಾಗ ಬೆಳಗತ್ತೆ. ಇದು ನಿಜಕ್ಕೂ ಉಪಯೋಗಕ್ಕೆ ಬರೋ ಗುರುತು, ಕತ್ತಲೆ ಸೀನಲ್ಲಿ ಎರಡು ಹೆಡ್‌ಲೈಟ್ ಮಧ್ಯೆ ಗ್ರಿಲ್ ತುದಿಯಲ್ಲಿ ಒಂದು ಪುಟ್ಟ ಬೆಳಕು ಕಂಡ್ರೆ ಸಾಕು, ವೂಲ್ಸ್‌ಲಿ. ಐವತ್ತರ ದಶಕದ ಸಿನಿಮಾಗಳಲ್ಲಿ ಗಂಟೆ ಬಾರಿಸ್ಕೊಂಡು ಬರೋ ಕಪ್ಪು ಪೊಲೀಸ್ ಕಾರುಗಳಲ್ಲಿ ವೂಲ್ಸ್‌ಲಿಗಳೇ ಜಾಸ್ತಿ.

1962ರ ಬಿಎಂಸಿ 1100 ಕಥೆಯೂ ಇದೇ, ಮಾರಿಸ್ ಹೆಸರಲ್ಲಿ ಶುರುವಾಗಿ ಒಟ್ಟು ಆರು ಹೆಸರಲ್ಲಿ ಬಂತು. ಫಾಲ್ಟಿ ಟವರ್ಸ್ ಕಾಮಿಡಿಯಲ್ಲಿ ಹೋಟೆಲ್ ಮಾಲೀಕ ಸಿಟ್ಟು ಬಂದು ಮರದ ಕೊಂಬೆ ತಗೊಂಡು ಬಾರಿಸ್ತಾನಲ್ಲ ಆ ಕೆಂಪು ಕಾರು ಇದರ ಆಸ್ಟಿನ್ ಹೆಸರಿನ ಎಸ್ಟೇಟ್ ರೂಪ, ಅಂದ್ರೆ ಟಾಪು ಹಿಂದಿನವರೆಗೂ ಚಾಚಿ ಸಾಮಾನಿಗೆ ಜಾಗ ಜಾಸ್ತಿ ಇರೋದು. ರೂಟ್ಸ್ ಕಂಪನಿಯೂ ಇದನ್ನೇ ಮಾಡ್ತು, ಹಿಲ್‌ಮನ್ ಮಿಂಕ್ಸ್ ಮತ್ತೆ ಸಿಂಗರ್ ಗೆಜೆಲ್ ಒಂದೇ ಬಾಡಿ. ಫೋರ್ಡಿನವರೂ ಬಿಡ್ಲಿಲ್ಲ, 1972ರಿಂದ 75ರವರೆಗೆ ಒಂದೇ ಕಾರು ಕಮ್ಮಿ ಬೆಲೆಯದಾದ್ರೆ ಕಾನ್ಸಲ್, ಜಾಸ್ತಿ ಬೆಲೆಯದಾದ್ರೆ ಗ್ರಾನಾಡಾ.

ಒಂದು ಕಾರನ್ನ ಪೂರ್ತಿ ಬಿಡಿಸಿ ನೋಡೋಣ

ಇನ್‌ಸ್ಪೆಕ್ಟರ್ ಮೋರ್ಸ್ ಸೀರಿಯಲ್, 1987ರಿಂದ 2000ದವರೆಗೆ ಬಂದಿದ್ದು, ಆಕ್ಸ್‌ಫರ್ಡ್ ಊರಲ್ಲಿ ನಡೆಯೋ ಕಥೆ. ಅದರಲ್ಲಿ ಮೋರ್ಸ್ ಓಡಿಸೋ ಕಡುಗೆಂಪು ಕಾರು, ಕಪ್ಪು ಟಾಪು. ಜಾಗ್ವಾರ್ ಅಂತ ಎಲ್ಲರೂ ಹೇಳ್ತಾರೆ. ಯಾವ ಜಾಗ್ವಾರ್ ಅನ್ನೋದೇ ವಿಷಯ, ಯಾಕಂದ್ರೆ ಇದನ್ನ ಹೋಲೋ ಅಕ್ಕತಂಗಿಯರು ನಾಲ್ಕೈದು ಇದಾರೆ.

ಮೊದಲು ಕಿಟಕಿ. 1955ರಲ್ಲಿ ಬಂದ, ಈಗ ಮಾರ್ಕ್ 1 ಅಂತ ಕರೆಯೋ ಕಾರಿಗೆ ಕಿಟಕಿ ಸುತ್ತ ದಪ್ಪ ಫ್ರೇಮು, ಹಾಗಾಗಿ ಗ್ಲಾಸು ಸಣ್ಣ, ಒಳಗೆ ಕತ್ತಲೆ ಕತ್ತಲೆ. 1959ರ ಮಾರ್ಕ್ 2ಕ್ಕೆ ಫ್ರೇಮನ್ನ ತೆಳ್ಳಗೆ ಮಾಡಿ ಕ್ರೋಮ್ ಹಾಕಿದ್ರು, ಹಿಂದಿನ ಗ್ಲಾಸನ್ನ ಅಗಲ ಮಾಡಿದ್ರು. ಮೋರ್ಸ್ ಕಾರಲ್ಲಿ ತೆಳ್ಳನೆ ಫ್ರೇಮು, ಮಾರ್ಕ್ 1 ಪಟ್ಟಿಯಿಂದ ಹೊರಗೆ. ಇನ್ನು ಹಿಂಭಾಗ. ಡಿಕ್ಕಿ ಉದ್ದವಾಗಿ ಚಾಚ್ಕೊಂಡು, ಹೆಡ್‌ಲೈಟ್ ಮೇಲೆ ಹುಬ್ಬಿನ ಥರ ಅಂಚು ಮುಂದೆ ಬಂದಿದ್ರೆ ಅದು 1963ರ ಎಸ್ ಟೈಪ್. ಇಲ್ಲಿ ಡಿಕ್ಕಿ ಗಿಡ್ಡ, ದುಂಡಗೆ ಕೆಳಗೆ ಇಳಿದಿದೆ, ಎಸ್ ಟೈಪೂ ಅಲ್ಲ. ಮುಂದೆ ನಾಲ್ಕು ಹೆಡ್‌ಲೈಟ್ ಇಲ್ಲ, ಹಾಗಾಗಿ 420 ಅಲ್ಲ. ಗ್ರಿಲ್ ತುದಿ ಮಡಿಕೆ ಮಡಿಕೆಯಾಗಿದ್ರೆ ಅದು ಡೈಮ್ಲರ್, ಬಾಡಿ ಇದೇ ಆದ್ರೂ ಇಂಜಿನ್ ಬೇರೆ. ಇಲ್ಲಿ ಮಡಿಕೆ ಇಲ್ಲ. ಕೊನೇದಾಗಿ ಬಂಪರ್, ಅದು ದಪ್ಪಗಿದೆ, 1967ರಲ್ಲಿ ಬಂದ 240 ಮತ್ತೆ 340ಕ್ಕೆ ಬಂಪರ್ ತೆಳ್ಳಗಾಗೋಯ್ತು. ಅಲ್ಲಿಗೆ ಉಳಿದಿದ್ದು ಜಾಗ್ವಾರ್ ಮಾರ್ಕ್ 2, 1959ರಿಂದ 67ರ ಒಳಗೆ. ನಂಬರ್ ಪ್ಲೇಟು 248 ಆರ್‌ಪಿಎ, ಕೊನೇಲಿ ವರ್ಷದ ಅಕ್ಷರ ಇಲ್ಲ, ಅಂದ್ರೆ ಅರವತ್ತರ ದಶಕದ ಶುರುವಿಗೆ ಹೊಂದತ್ತೆ. ನಿಜವಾದ ಉತ್ತರವೂ ಅದೇ, 1960ರ 2.4 ಲೀಟರ್ ಕಾರು. 2.4, 3.4, 3.8 ಅಂತ ಇಂಜಿನ್ ಮೂರು ಇದ್ವು, ಅದನ್ನ ಪರದೆ ಮೇಲೆ ನೋಡಿ ಹೇಳೋ ಸಾಹಸ ಬೇಡ, ಡಿಕ್ಕಿ ಮೇಲಿನ ಬ್ಯಾಡ್ಜ್ ಓದೋಕಾದ್ರೆ ಮಾತ್ರ ಹೇಳಿ.

ಹೀಗೆ ಒಂದೊಂದೇ ಹೆಸರು ಪಟ್ಟಿಯಿಂದ ತೆಗೀತಾ ಹೋಗೋದಿದ್ಯಲ್ಲ, ನನಗೆ ಈ ಕೆಲಸದಲ್ಲಿ ಅತಿ ಇಷ್ಟ ಆಗೋದೇ ಅದು, ಪತ್ತೇದಾರಿ ಸೀರಿಯಲ್ ನೋಡ್ತಾ ನಾವೂ ಪತ್ತೇದಾರಿ ಮಾಡ್ತಿರ್ತೀವಿ.

ನಂಬರ್ ಪ್ಲೇಟ್ ಓದೋದು

ಇದು ಸ್ವಲ್ಪ ಬಾಯಿಪಾಠ ಮಾಡೋ ವಿಷಯ, ಆದ್ರೆ ಕಲಿತ್ರೆ ತುಂಬಾ ಲಾಭ. 1963ರಿಂದ ಬ್ರಿಟನ್ನಲ್ಲಿ ನಂಬರಿನ ಕೊನೆಗೆ ವರ್ಷ ಹೇಳೋ ಒಂದು ಅಕ್ಷರ ಶುರುವಾಯ್ತು, ಎ ಅಂದ್ರೆ 1963, ಬಿ ಅಂದ್ರೆ 64, ಸಿ ಅಂದ್ರೆ 65, ಎಲ್ಲ ಕಡೆ ಕಡ್ಡಾಯ ಆಗಿದ್ದು ಆ 65ರಲ್ಲೇ. ಡಿ 1966. 1967ರಲ್ಲಿ ಅಕ್ಷರ ಬದಲಾಗೋ ತಿಂಗಳನ್ನ ಆಗಸ್ಟ್‌ಗೆ ಹಾಕಿದ್ರು, ಹಾಗಾಗಿ ಇ ಬರೀ ಏಳು ತಿಂಗಳು, ಎಫ್ ಅಂದ್ರೆ 67 ಆಗಸ್ಟಿಂದ 68 ಜುಲೈ. ಅಲ್ಲಿಂದ ವರ್ಷಕ್ಕೊಂದು ಅಕ್ಷರ, ಜಿ, ಎಚ್, ಜೆ, ಕೆ, ಎಲ್, ಎಂ, ಎನ್, ಪಿ, ಆರ್, ಎಸ್, ಟಿ, ವಿ, ಡಬ್ಲ್ಯೂ, ಎಕ್ಸ್, ವೈ, ಅಲ್ಲಿಗೆ 1983 ಜುಲೈಗೆ ಮುಗೀತು. ಐ, ಓ, ಕ್ಯೂ, ಯು, ಝಡ್ ಬಿಟ್ಟಿದಾರೆ. ಆಮೇಲಿಂದ ವರ್ಷದ ಅಕ್ಷರ ಮುಂದಕ್ಕೆ ಬಂತು.

ಮೂರು ಅಕ್ಷರದ ಗುಂಪಲ್ಲಿ ಕೊನೆಯ ಎರಡು ಊರನ್ನ ಹೇಳತ್ತೆ. ಮೋರ್ಸ್ ಕಾರಿನ ಪಿಎ ಅಂದ್ರೆ ಸರ್ರೆ. ಎಪ್ಪತ್ತರ ದಶಕದ ದ ಸ್ವೀನಿ ಅನ್ನೋ ಪೊಲೀಸ್ ಸೀರಿಯಲ್ಲಿನ ಫೋರ್ಡ್ ಕಾನ್ಸಲ್ ಜಿಟಿಯ ನಂಬರು ಎನ್‌ಎಚ್‌ಕೆ 295ಎಂ. ಎಚ್‌ಕೆ ಅಂದ್ರೆ ಎಸೆಕ್ಸ್, ಫೋರ್ಡ್ ಕಂಪನಿ ಇದ್ದ ಕೌಂಟಿ, ಎಂ ಅಂದ್ರೆ 1973 ಆಗಸ್ಟಿಂದ 74 ಜುಲೈ. ಮಿಸ್ಟರ್ ಬೀನ್ ಓಡಿಸೋ ಹಳದಿಹಸಿರು ಮಿನಿಯ ಎಸ್‌ಎಲ್‌ಡಬ್ಲ್ಯೂ 287ಆರ್ ಓದಿದ್ರೆ ಲಂಡನ್, 1976-77 ಅಂತ ಬರತ್ತೆ. ಮಿನಿಯನ್ನ ಬಾಡಿಯಿಂದಲೂ ತಾಳೆ ನೋಡ್ಬಹುದು, 1969ಕ್ಕಿಂತ ಹಳೇ ಸಾಮಾನ್ಯ ಮಿನಿಗಳಲ್ಲಿ ಬಾಗಿಲಿನ ಕೀಲು ಹೊರಗೆ ಕಾಣ್ತಿತ್ತು, ಕಿಟಕಿ ಗ್ಲಾಸು ಅಡ್ಡಕ್ಕೆ ಸರೀತಿತ್ತು, ಬೀನ್ ಕಾರಲ್ಲಿ ಕೀಲು ಕಾಣಲ್ಲ.

ಪ್ಲೇಟಿನ ಬಣ್ಣವೂ ಮುಖ್ಯ. ಕಪ್ಪು ಹಿನ್ನೆಲೆಗೆ ಬಿಳಿ ಅಥವಾ ಬೆಳ್ಳಿ ಬಣ್ಣದ ಅಕ್ಷರ ಹಳೇದು, ಮುಂದೆ ಬಿಳಿ ಹಿಂದೆ ಹಳದಿ ಇರೋ ಹೊಳೆಯೋ ಪ್ಲೇಟ್ 1973ರ ಶುರುವಿಂದ ಹೊಸ ಕಾರುಗಳಿಗೆ ಕಡ್ಡಾಯ ಆಯ್ತು. ನಂಬರಲ್ಲಿ ಐ ಅಥವಾ ಝಡ್ ಕಂಡ್ರೆ ಉತ್ತರ ಐರ್ಲೆಂಡ್ ಅಥವಾ ಐರ್ಲೆಂಡಿನ ಗಾಡಿ ಇರ್ಬಹುದು. ಆದ್ರೆ ಪ್ಲೇಟನ್ನ ಒಂದೇ ಸಾಕ್ಷಿ ಅಂತ ಹಿಡೀಬೇಡಿ. ಸಿನಿಮಾದವರು ಸುಳ್ಳು ಪ್ಲೇಟ್ ಹಾಕ್ತಾರೆ, ಜನ ಇಷ್ಟದ ನಂಬರನ್ನ ಒಂದು ಕಾರಿಂದ ಇನ್ನೊಂದಕ್ಕೆ ಹಾಕ್ಕೋತಾರೆ. ಅಲ್ಲಿನ ಕಾನೂನು ಪ್ರಕಾರ ಕಾರನ್ನ ಅದರ ವಯಸ್ಸಿಗಿಂತ ಹೊಸದು ಅಂತ ತೋರಿಸೋ ನಂಬರ್ ಹಾಕೋ ಹಾಗಿಲ್ಲ, ಹಳೇದು ಅಂತ ತೋರಿಸೋದು ಹಾಕ್ಬಹುದು. ಬಾಡಿ ಒಂದು ವರ್ಷ ಹೇಳಿ ಪ್ಲೇಟ್ ಇನ್ನೊಂದು ಹೇಳಿದ್ರೆ ಬಾಡಿ ಮಾತು ಕೇಳಿ.

ಹಿಂದಿನ ಲೈಟು, ಡ್ಯಾಶ್‌ಬೋರ್ಡ್, ಸುತ್ತಲಿನ ಕಾರುಗಳು

ಎಷ್ಟೋ ಸೀನಲ್ಲಿ ಕಾರು ದೂರ ಹೋಗೋದೇ ಕಾಣೋದು, ಆಗ ಟೇಲ್ ಲೈಟೇ ಗತಿ. ಮೂರು ಭಾಗ ಮಾಡಿದ ದೊಡ್ಡ ಗುಂಡು ಲೈಟು ಎರಡೂ ಕಡೆ ಇದ್ರೆ ಕಾರ್ಟಿನಾ ಮಾರ್ಕ್ 1, 1962ರಿಂದ 66. ಚೌಕ ಚೌಕ ಬಾಡಿಯ ಮಾರ್ಕ್ 2 ಅದರ ಮುಂದಿನದು, 1970ರಲ್ಲಿ ಬಳುಕಿನ ಮಾರ್ಕ್ 3 ಬಂತು. ಲೈಫ್ ಆನ್ ಮಾರ್ಸ್ ಸೀರಿಯಲ್ಲಲ್ಲಿ 1973ರ ಮ್ಯಾಂಚೆಸ್ಟರ್ ತೋರಿಸೋವಾಗ ಓಡಿಸೋದು ಈ ಮಾರ್ಕ್ 3. ಅದರ ಡ್ಯಾಶ್‌ಬೋರ್ಡ್ 1973ರ ಕೊನೇಲಿ ಬದಲಾಯ್ತು, ಆದ್ರಿಂದ ಒಳಗಿನ ಶಾಟ್ ನಿಜವಾದ ಕಾರಿಂದೇ ಆಗಿದ್ರೆ ಡ್ಯಾಶ್‌ಬೋರ್ಡೂ ವರ್ಷ ಹೇಳತ್ತೆ.

ಸುತ್ತ ನಿಂತಿರೋ ಕಾರುಗಳನ್ನ ಮರೀಬೇಡಿ. ಆ ಕಾಲದಲ್ಲೇ ತೆಗೆದ ಸಿನಿಮಾ ಆದ್ರೆ ರಸ್ತೆಯಲ್ಲಿ ಕಾಣೋ ಅತಿ ಹೊಸ ಕಾರು ಯಾವುದೋ ಅದಕ್ಕಿಂತ ಮುಂಚೆ ಶೂಟಿಂಗ್ ಆಗಿರೋಕೆ ಸಾಧ್ಯ ಇಲ್ಲ. ಈಗ ತೆಗೆದು ಅರವತ್ತರ ದಶಕ ಅಂತ ತೋರಿಸೋ ಸೀರಿಯಲ್ ಆದ್ರೆ ಎಲ್ಲ ಕಾರೂ ತೊಳೆದು ಪಾಲಿಶ್ ಮಾಡಿಟ್ಟ ಹಾಗಿರತ್ತೆ, ಸಂಗ್ರಹಕಾರರಿಂದ ಬಾಡಿಗೆಗೆ ತಂದಿರ್ತಾರೆ, ಅಲ್ಲಿ ಕಥೆಯ ವರ್ಷಕ್ಕಿಂತ ಹೊಸ ಕಾರು ನುಸುಳಿರೋದೂ ಉಂಟು. ನಿಜವಾದ ಬೀದಿ ಹೇಗಿತ್ತು ಅಂತ ನೋಡ್ಬೇಕಂದ್ರೆ ಆ ಕಾಲದ್ದೇ ಕಡಿಮೆ ಖರ್ಚಿನ ಸಿನಿಮಾ ನೋಡಿ, ಕೆಸರು ಮೆತ್ತಿದ ಮಡ್‌ಗಾರ್ಡು, ತುಕ್ಕು ಹಿಡಿದ ಬಾಗಿಲು, ಐದಾರು ವರ್ಷ ಹಳೇ ಗಾಡಿಗಳು, ನನಗಂತೂ ಅದೇ ಚೆನ್ನ.

ತಾಳೆ ನೋಡೋದು

ನಿಮ್ಮ ಉತ್ತರ ಬರ್ಕೊಂಡ ಮೇಲೇ ಬೇರೆ ಕಡೆ ಹುಡುಕಿ, ಮುಂಚೆ ಹುಡುಕಿದ್ರೆ ಕಣ್ಣು ಪಳಗಲ್ಲ. ಸಿನಿಮಾ ಕಾರುಗಳದೇ ಒಂದು ದೊಡ್ಡ ಪಟ್ಟಿ ಐಎಂಸಿಡಿಬಿ ಅಂತ ಇದೆ, ಸಿನಿಮಾ ಹೆಸರು ಹಾಕಿದ್ರೆ ಫೋಟೋ ಸಮೇತ ಬರತ್ತೆ. ಪ್ಲೇಟ್ ಪೂರ್ತಿ ಓದೋಕಾದ್ರೆ ಬ್ರಿಟನ್ನಿನಲ್ಲಿ ಗಾಡಿ ರಿಜಿಸ್ಟರ್ ಮಾಡೋ ಸರ್ಕಾರಿ ಇಲಾಖೆ ಡಿವಿಎಲ್‌ಎಯ ಸೈಟಲ್ಲಿ ಹಾಕಿ ನೋಡಿ, ಪುಕ್ಕಟೆ, ಆ ನಂಬರಿನ ದಾಖಲೆ ಇನ್ನೂ ಇದ್ರೆ ಕಂಪನಿ, ಬಣ್ಣ, ಮೊದಲು ರಿಜಿಸ್ಟರ್ ಆದ ಕಾಲ ಸಿಗತ್ತೆ.

ಬರ್ಕೊಳ್ಳೋವಾಗ ಕಂಪನಿ, ಮಾಡೆಲ್, ಮಾರ್ಕ್ ಅಥವಾ ಸೀರೀಸ್, ಯಾವ ವರ್ಷದಿಂದ ಯಾವ ವರ್ಷದೊಳಗೆ, ಮತ್ತೆ ಯಾವ ಗುರುತಿನಿಂದ ಹೇಳ್ತಿದೀರಿ, ಇಷ್ಟು ಬರೀರಿ, ಸೀನ್ ಬರೋ ನಿಮಿಷ ಸೆಕೆಂಡೂ ಹಾಕಿ. ಖಾತ್ರಿ ಇಲ್ಲದ ಕಡೆ ಬಾಡಿ ಹೆಸರಷ್ಟೇ ಬರೆದು ನಿಲ್ಲಿಸಿ, ಫರೀನಾ ಬಾಡಿ, ಗ್ರಿಲ್ ಕಾಣಲಿಲ್ಲ, ಅಂತ. ಅದೇ ಕಾರು ಮುಂದಿನ ಎಪಿಸೋಡಲ್ಲಿ ಮುಂದಿನಿಂದ ಕಂಡಾಗ ಉಳಿದಿದ್ದು ತುಂಬಿಸ್ಬಹುದು.